ತೊಂಬತ್ತು ದಿನಗಳ ಅತಿಥಿಗಳು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆ ಬಂದಿತ್ತು. ಜರ್ಮನಿಯಲ್ಲಿ ನೆಲೆಸಿರುವ ಅವನು, ಪತ್ನಿಯ ಬಾಣಂತನಕ್ಕೆಂದು ಅತ್ತೆ ಮಾವಂದಿರನ್ನು ಕರೆಸಿಕೊಳ್ಳುತ್ತಿದ್ದಾನೆ. "ಸಾರ್, ಅವರು ಬಂದೊಡನೆ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕೆ? ಎಷ್ಟು ದಿನ ಇರಬಹುದು?" ಎಂದು ಕೇಳಿದ್ದಾನೆ. ಈ ಪಾಡನ್ನು ನಾನೂ ಪಟ್ಟವನಾದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

2016ರಲ್ಲಿ ನಾನೂ ನನ್ನ ಶ್ರೀಮತಿಯೂ ಮಗಳ ಬಾಣಂತನಕ್ಕೆಂದು ಮ್ಯೂನಿಕ್ ನಗರಕ್ಕೆ ಹೋಗಿದ್ದೆವು. ಮೇ 1ರಂದು ಇಳಿದು, ಮೂರು ತಿಂಗಳೆಂದು ಲೆಕ್ಕ ಹಾಕಿ ಜುಲೈ 31ಕ್ಕೆ ಹಿಂತಿರುಗುವ ಟಿಕೆಟ್ ಕೊಂಡಿದ್ದೆ. ವೀಸಾದಲ್ಲಿದ್ದುದು 90 ದಿನ. ಬಂದ ದಿನ, ಹೊರಡುವ ದಿನ ಎರಡನ್ನೂ ಎಣಿಸುತ್ತಾರೆ. ಅಳಿಯಂದಿರು ಒಂದು ರಾತ್ರಿ ಕ್ಯಾಲೆಂಡರ್ ಹಿಡಿದು, "ಮಾವ, ಇದು 92 ಆಗುತ್ತಲ್ಲ" ಎಂದಾಗ ಎದೆ ಧಸಕ್ಕೆಂದಿತು. ಹೆಚ್ಚಿನ ಹಣ ತೆತ್ತು 29ಕ್ಕೆ ಹೊರಟೆವು. ಐದು ತಿಂಗಳ ಬಾಣಂತನವನ್ನು ಅರ್ಧಕ್ಕೆ ಬಿಟ್ಟು, ಕೂಸನ್ನು ಮಗಳ ಕೈಗಿತ್ತು ಬಂದೆವು. ವಿಮಾನದಲ್ಲಿ ಶ್ರೀಮತಿ ಮಾತೇ ಆಡಲಿಲ್ಲ.

ಚರಿತ್ರೆಯ ಮೇಷ್ಟ್ರಾದ ನನಗೆ ಆಗ ಹೊಳೆದದ್ದು ಒಂದೇ: ಈ ತೊಂಬತ್ತು ಬಂದುದೆಲ್ಲಿಂದ?

1914ಕ್ಕೆ ಮುಂಚೆ ಪಶ್ಚಿಮ ಯುರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಕೇಳುವವರೇ ವಿರಳ. ಆಸ್ಟ್ರಿಯಾದ ಲೇಖಕ ಸ್ಟೀಫನ್ ಜ್ವೈಗ್, ತಾನು ಪಾಸ್‌ಪೋರ್ಟ್ ಇಲ್ಲದೆಯೇ ಭಾರತಕ್ಕೂ ಅಮೆರಿಕಕ್ಕೂ ಹೋಗಿಬಂದುದನ್ನು ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಮಹಾಯುದ್ಧವು ಇದನ್ನು ಬದಲಿಸಿತು. 1914ರ ಆಗಸ್ಟಿನಲ್ಲಿ ಬ್ರಿಟನ್ನು ಪರದೇಶಿಗಳು ಪೊಲೀಸರಲ್ಲಿ ಹೆಸರು ಬರೆಸುವಂತೆ ಶಾಸನ ಮಾಡಿತು. ಯುದ್ಧ ಮುಗಿದರೂ ಅಭ್ಯಾಸ ಮುಗಿಯಲಿಲ್ಲ. ಕೆಲವು ದೇಶಗಳವರಿಗೆ ಅಲ್ಲಿ ಆ ನೋಂದಣಿ 2022ರವರೆಗೂ ಉಳಿದಿತ್ತೆಂದರೆ ನಂಬುವಿರಾ? 1920ರಲ್ಲಿ ಪ್ಯಾರಿಸ್ಸಿನ ಸಮ್ಮೇಳನವು ಪಾಸ್‌ಪೋರ್ಟಿಗೆ ಒಂದೇ ಮಾದರಿಯ ಪುಸ್ತಿಕೆಯನ್ನು ಸೂಚಿಸಿತು.

1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಪುಟ್ಟ ಹಳ್ಳಿಯ ಬಳಿ, ಮೊಸೆಲ್ ನದಿಯ ಹಡಗೊಂದರಲ್ಲಿ ಐದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಒಳಗಡಿಗಳ ತಪಾಸಣೆ 1995ರಲ್ಲಿ ನಿಂತಿತು. ಆಗಿನ ನಿಯಮ, ಮೊದಲು ಕಾಲಿಟ್ಟಂದಿನಿಂದ ಆರು ತಿಂಗಳಲ್ಲಿ ಮೂರು ತಿಂಗಳ ವಾಸ. ಒಂದು ಅರ್ಧವರ್ಷದ ಕೊನೆಯನ್ನೂ ಮುಂದಿನದರ ಆರಂಭವನ್ನೂ ಜೋಡಿಸಿ ಹೆಚ್ಚು ಕಾಲ ಉಳಿಯಲು ಇದರಲ್ಲಿ ಎಡೆಯಿತ್ತು. 2013ರ ಅಕ್ಟೋಬರ್ 18ರಿಂದ ಆ ಕಿಂಡಿ ಮುಚ್ಚಿತು: ಯಾವ ದಿನದಿಂದ ಹಿಂದಕ್ಕೆ ಎಣಿಸಿದರೂ 180 ದಿನಗಳಲ್ಲಿ 90ನ್ನು ಮೀರಬಾರದು. ನಾನು ಎಡವಿದ್ದು ಈ ಹೊಸ ಲೆಕ್ಕದಲ್ಲಿಯೇ.

ಇನ್ನು ನೋಂದಣಿ. ಇದು ಬೇರೆಯೇ ಗಡಿಯಾರ, ದೇಶ ದೇಶಕ್ಕೂ ಬೇರೆ. ಜರ್ಮನಿಯಲ್ಲಿ 2015ರ ನವೆಂಬರಿನಿಂದ ಜಾರಿಯಲ್ಲಿರುವ ಕಾನೂನಿನಂತೆ, ಹೊರದೇಶದಲ್ಲಿ ಮನೆಯುಳ್ಳ ಅತಿಥಿಯು ಮೂರು ತಿಂಗಳವರೆಗೆ ಹೆಸರು ಬರೆಸಬೇಕಿಲ್ಲ. ನೆರೆಮನೆಯವರ ಮಾತು ಕೇಳಿ ನಾವು ಕಚೇರಿಗೆ ಹೋದಾಗ, ಅಲ್ಲಿನ ಮಹಿಳೆ ನಗುತ್ತಲೇ ಹಿಂದಕ್ಕೆ ಕಳುಹಿಸಿದ್ದರು. ಹೋಟೆಲಿನಲ್ಲಿ ಇಳಿದರೆ ಮಾತ್ರ ಚೀಟಿ ತುಂಬಬೇಕು. 2025ರಿಂದ ಜರ್ಮನರಿಗೆ ಅದರ ವಿನಾಯಿತಿ, ನಮಗಿಲ್ಲ. ಇಟಲಿಯಲ್ಲಿ ಹಾಗಲ್ಲ. ಷೆಂಗೆನ್ನಿನ ಮತ್ತೊಂದು ದೇಶದಿಂದ ಅಲ್ಲಿಗೆ ಹೋಗಿ ಬಂಧುಗಳ ಮನೆಯಲ್ಲಿ ಇಳಿದವರು 8 ದಿನಗಳೊಳಗೆ ಪೊಲೀಸರಿಗೆ ತಿಳಿಸಬೇಕು.

ಆದುದರಿಂದ, ಅಪ್ಪಾ, ನಿನ್ನ ಅತ್ತೆ ಮಾವಂದಿರು ಕಚೇರಿಗೆ ಹೋಗಬೇಕಿಲ್ಲ. ಆದರೆ 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುದ್ರೆಯ ಬದಲು ಮುಖಚಿತ್ರವನ್ನೂ ಬೆರಳಚ್ಚನ್ನೂ ಪಡೆಯುವ ವ್ಯವಸ್ಥೆ ಬಂದಿದೆ. ದಿನಗಳನ್ನು ಎಣಿಸುವುದು ಯಂತ್ರ. ಟಿಕೆಟ್ ಕೊಳ್ಳುವ ಮುನ್ನ ಬೆರಳು ಮಡಿಸಿ ನೀನೂ ಒಮ್ಮೆ ಎಣಿಸಿಕೋ.