ಗಣಿತ ಕಲಿಸಿದ ಸುಲ್ತಾನ ಮತ್ತು ಸಗರದ ಕೋಟೆ

ಶಹಾಪುರ, ಸುರಪುರ ಸೀಮೆಗೆ ಸಗರನಾಡು ಎಂಬ ಹೆಸರು ತಂದುಕೊಟ್ಟ ಊರು ಶಹಾಪುರ ತಾಲ್ಲೂಕಿನ ಸಗರ. ದೆಹಲಿಯ ತುಘಲಕರ ಕಾಲಕ್ಕೇ ಅದು ದೊಡ್ಡ ಠಾಣೆ. 1327ರ ಹೊತ್ತಿಗೆ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು ಕಂಪಿಲಿಗೆ ಓಡಿದ ಬಹಾಉದ್ದೀನ್ ಗುರ್ಶಾಸ್ಪ್ ಸಗರದ ಅಧಿಕಾರಿಯೇ. 1397ರಲ್ಲಿ ಕಲಬುರಗಿಯಲ್ಲಿ ತುರ್ಕಿ ಗುಲಾಮ ತಘಲ್ಚಿನ್ ಬಹಮನಿ ಸುಲ್ತಾನ ಘಿಯಾಸುದ್ದೀನನ ಕಣ್ಣು ಕೀಳಿಸಿ, ಅವನ ತಮ್ಮನನ್ನು ಹೆಸರಿಗೆ ಗದ್ದುಗೆಯಲ್ಲಿ ಕೂರಿಸಿದ. ಆಗ ರಾಜವಂಶದ ಅಣ್ಣತಮ್ಮಂದಿರಾದ ಫಿರೋಜ್ ಮತ್ತು ಅಹ್ಮದ್ ಜೀವ ಉಳಿಸಿಕೊಳ್ಳಲು ಬಂದದ್ದು ಸಗರದ ಕೋಟೆಗೆ. ಕೋಟೆಯ ಅಧಿಕಾರಿ ಅವರ ಬೆನ್ನಿಗೆ ನಿಂತ. ಅದೇ ವರ್ಷ ಗದ್ದುಗೆ ಏರಿದ ಫಿರೋಜ್ ಷಾ 1422ರವರೆಗೆ ಆಳಿದ. ವಿಜಯನಗರದೊಂದಿಗಿನ ಯುದ್ಧಗಳಿಂದಲೇ ಅವನನ್ನು ಗುರುತಿಸುವುದು ರೂಢಿ. ಆದರೆ ಪರ್ಷಿಯಾದ ಗಣಿತ ದಖ್ಖನ್ನಿಗೆ ಬಂದ ದಾರಿಯಲ್ಲಿ ಅವನು ಮುಖ್ಯನಾದವನು, ಹಾಗಾಗಿ ಸಗರಕ್ಕೂ ಆ ಚರಿತ್ರೆಯಲ್ಲಿ ಪಾಲಿದೆ ಎಂಬುದು ನನ್ನ ವಾದ.

ಫಿರೋಜನ ಗುರು ಶಿರಾಜಿನ ಮೀರ್ ಫಜ್ಲುಲ್ಲಾ ಇಂಜು. ಸುಲ್ತಾನ ವಾರಕ್ಕೆ ಮೂರು ದಿನ ತಾನೇ ಪಾಠ ಹೇಳುತ್ತಿದ್ದನೆಂದು ಚರಿತ್ರೆಕಾರ ಫೆರಿಷ್ತಾ ಬರೆದು, ಪಠ್ಯಗಳ ಹೆಸರನ್ನೂ ಕೊಡುತ್ತಾನೆ. ರೇಖಾಗಣಿತಕ್ಕೆ ಯೂಕ್ಲಿಡ್, ಖಗೋಳಕ್ಕೆ ‘ತಜ್ಕಿರಾ’ ಗ್ರಂಥದ ವ್ಯಾಖ್ಯಾನ. ತಜ್ಕಿರಾ ಬರೆದವನು 1259ರಲ್ಲಿ ಇರಾನಿನ ಮರಾಘಾದಲ್ಲಿ ವೀಕ್ಷಣಾಲಯ ಆರಂಭಿಸಿದ ನಸೀರುದ್ದೀನ್ ತೂಸಿ (1201–1274). ಆ ಪುಸ್ತಕದಲ್ಲೊಂದು ಸೊಗಸಾದ ಪ್ರಮೇಯವಿದೆ. ದೊಡ್ಡ ವೃತ್ತದೊಳಗೆ ಅದರ ಅರ್ಧ ವ್ಯಾಸದ ಸಣ್ಣ ವೃತ್ತವೊಂದು ಜಾರದೆ ಉರುಳುತ್ತಿರಲಿ. ಸಣ್ಣ ವೃತ್ತದ ಅಂಚಿನಲ್ಲಿ ಗುರುತಿಟ್ಟ ಬಿಂದು ಬಾಗುವುದೇ ಇಲ್ಲ, ದೊಡ್ಡ ವೃತ್ತದ ವ್ಯಾಸದ ಗುಂಟ ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತದೆ. ಟಾಲೆಮಿಯ ಗ್ರಹಗತಿಯ ತೊಡಕು ಬಿಡಿಸಲು ತೂಸಿ ಹೂಡಿದ ಉಪಾಯವಿದು. 1543ರ ಕೋಪರ್ನಿಕಸನ ಗ್ರಂಥದಲ್ಲೂ ಇದೇ ರಚನೆ ಕಾಣುತ್ತದೆ. ತಜ್ಕಿರಾ ಪಾಠ ಹೇಳುವವನು ಇದನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ.

ಫೆರಿಷ್ತಾ ಬಿಜಾಪುರದಲ್ಲಿ ಬರೆದದ್ದು ಸುಮಾರು ಇನ್ನೂರು ವರ್ಷಗಳ ನಂತರ, ಇದೆಲ್ಲ ಆಸ್ಥಾನದ ಹೊಗಳಿಕೆ ಎಂದು ಆಕ್ಷೇಪಿಸಬಹುದು. ತೂಕದ ಆಕ್ಷೇಪವೇ. ಆದರೆ ಅವನ ಪಟ್ಟಿಯನ್ನು ಬಿಡಿಸಿ ನೋಡಿದರೆ ಅಲಂಕಾರಶಾಸ್ತ್ರದ ‘ಮುತವ್ವಲ್’, ಮತತತ್ವದ ‘ಶರ್ಹೆ ಮಕಾಸಿದ್’ ಎರಡೂ ಸಾದುದ್ದೀನ್ ತಫ್ತಾಜಾನಿಯ (1322–1390) ಕೃತಿಗಳು. ಫಜ್ಲುಲ್ಲಾ ಆ ತಫ್ತಾಜಾನಿಯ ಶಿಷ್ಯ. ಗುರುವಿನ ಗುರು ಬರೆದ ಪುಸ್ತಕಗಳೇ ಶಿಷ್ಯನ ಪಾಠದಲ್ಲಿ ಕಾಣಿಸಿಕೊಳ್ಳುತ್ತವೆ. ಬರೀ ಹೊಗಳಲು ಕೂತವನು ಇಷ್ಟು ಕರಾರುವಾಕ್ಕಾಗಿ ಹೊಂದುವ ಪಟ್ಟಿಯನ್ನು ಕಟ್ಟಿದನೆಂದು ನಂಬುವುದು ಕಷ್ಟ. ಅದಕ್ಕಿಂತ ಬಲವಾದ ಸಾಕ್ಷಿ ಒಂದು ಸೋಲು. 1407ರ ಸುಮಾರಿಗೆ ದೌಲತಾಬಾದಿನ ಬಳಿ ಫಿರೋಜ್ ವೀಕ್ಷಣಾಲಯ ಕಟ್ಟಿಸತೊಡಗಿದ. ಆ ಕೆಲಸದಲ್ಲಿ ತೊಡಗಿದ್ದ ವಿದ್ವಾಂಸ ಹಕೀಮ್ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು. ಈ ಸೋಲನ್ನು ದಾಖಲಿಸಿದವನೂ ಫೆರಿಷ್ತಾನೇ; ಬರೀ ಹೊಗಳುವವನಾಗಿದ್ದರೆ ಇದನ್ನು ಬಿಟ್ಟುಬಿಡುತ್ತಿದ್ದ. ಸಮರಕಂದದಲ್ಲಿ ಉಲೂಗ್ ಬೇಗನ ಪ್ರಸಿದ್ಧ ವೀಕ್ಷಣಾಲಯ ತಲೆ ಎತ್ತಿದ್ದು 1420ರ ಸುಮಾರಿಗೆ. ಅದಕ್ಕೂ ಮೊದಲೇ ದಖ್ಖನ್ನಿನಲ್ಲಿ ಅಂಥದೊಂದನ್ನು ಕಟ್ಟುವ ಹಂಬಲವಿತ್ತು.

ಸಗರ ಕೊಟ್ಟದ್ದು ಆಸರೆ ಮಾತ್ರ, ಆಸ್ಥಾನವಿದ್ದದ್ದು ಕಲಬುರಗಿಯಲ್ಲಿ ಮತ್ತು ಭೀಮಾ ತೀರದಲ್ಲಿ ಫಿರೋಜನೇ ಕಟ್ಟಿಸಿದ ಫಿರೋಜಾಬಾದಿನಲ್ಲಿ ಎಂಬ ಮಾತೂ ನಿಜ. ಸಗರದಲ್ಲಿ ಗಣಿತಶಾಲೆ ಇತ್ತೆಂದರೆ ಅದು ಅತಿಯಾದೀತು. ಆದರೆ ಒಬ್ಬ ಹಕೀಮ ಸತ್ತರೆ ವೀಕ್ಷಣಾಲಯವೇ ನಿಂತುಹೋಗುತ್ತಿದ್ದ ಕಾಲವದು, ವಿದ್ಯೆಯೆಲ್ಲ ಕೆಲವೇ ಜನರ ಉಸಿರಿಗೆ ಕಟ್ಟುಬಿದ್ದಿತ್ತು. 1397ರಲ್ಲಿ ಫಿರೋಜನ ಜೀವ ಉಳಿದದ್ದು ಸಗರದಲ್ಲಿ. ಯಾದಗಿರಿ ಜಿಲ್ಲೆಯ ಚರಿತ್ರೆ ಬರೆಯುವವರು ಗುರ್ಶಾಸ್ಪನ ಬಂಡಾಯ, ಗೋಗಿಯ ಆದಿಲ್‌ಶಾಹಿ ಗೋರಿಗಳು, ಸುರಪುರದ ನಾಯಕರು ಇವೆಲ್ಲವುಗಳ ಜೊತೆಗೆ ಆ ಪಠ್ಯಪಟ್ಟಿಗೂ ಒಂದು ಪುಟ ಕೊಡಬೇಕು. ಮಳಖೇಡದ ರಾಷ್ಟ್ರಕೂಟರ ಕಾಲದ ಗಣಿತಜ್ಞ ಮಹಾವೀರಾಚಾರ್ಯನನ್ನು ಅಭಿಮಾನದಿಂದ ಕಲಿಸುವ ಈ ಭಾಗದ ಶಾಲೆಗಳಲ್ಲಿ ತೂಸಿಯ ಎರಡು ವೃತ್ತಗಳನ್ನೂ ಕರಿಹಲಗೆಯ ಮೇಲೆ ಬಿಡಿಸಬೇಕು.