ಎಂಜಿನ್ ಆಯಿಲ್: ಪಿಕಪ್ ವಾಹನಗಳಲ್ಲಿ ಅದರ ಆಯ್ಕೆ

ಎಂಜಿನ್ನಿನ ಚಲಿಸುವ ಭಾಗಗಳ ನಡುವೆ ತೆಳುಪದರವಾಗಿ ನಿಂತು ಘರ್ಷಣೆಯನ್ನು ತಗ್ಗಿಸುವ, ಶಾಖವನ್ನು ಹೊರಸಾಗಿಸುವ, ಮಸಿಯನ್ನು ತನ್ನೊಳಗೆ ತೇಲಿಸಿಕೊಳ್ಳುವ ತೈಲ. ಕಚ್ಚಾತೈಲವನ್ನು ಶುದ್ಧೀಕರಿಸಿ ಪಡೆದುದು ಮಿನರಲ್ ಎಂದೂ, ರಾಸಾಯನಿಕ ಸಂಯೋಜನೆಯಿಂದಲೋ ತೀವ್ರವಾದ ಜಲಜನಕ ಸಂಸ್ಕಾರದಿಂದಲೋ ಅಣುಗಳನ್ನು ಬಹುಮಟ್ಟಿಗೆ ಏಕರೂಪಗೊಳಿಸಿದುದು ಸಿಂಥೆಟಿಕ್ ಎಂದೂ ಕರೆಯಲ್ಪಡುತ್ತವೆ.

ಬಳ್ಳಾರಿ ಜಿಲ್ಲೆಯ ಮೋಕ, ಕುರುಗೋಡು, ಸಿರುಗುಪ್ಪಗಳ ಎರೆನೆಲದಲ್ಲಿ ಬೆಳೆದ ಭತ್ತ, ಹತ್ತಿ, ಮೆಣಸಿನಕಾಯಿಗಳನ್ನು ಹೇರಿಕೊಂಡು, 40 ಡಿಗ್ರಿ ಮೀರುವ ಬೇಸಗೆಯಲ್ಲಿ, ಧೂಳಿನ ದಾರಿಯಲ್ಲಿ ಕೆಳಗಿಯರಿನಲ್ಲಿ ಸಾಗುವ ಪಿಕಪ್ಪಿಗೆ, ಕೊರೆಯುವ ಚಳಿಯಲ್ಲೂ ಸುಲಭವಾಗಿ ಹರಿಯುವುದೆಂಬ ಸಿಂಥೆಟಿಕ್ಕಿನ ಪ್ರಸಿದ್ಧ ಗುಣದಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಧಿಕ ಶಾಖದಲ್ಲಿ ಬೇಗನೆ ಕೆಡದಿರುವ ಅದರ ಗುಣವೇ ಇಲ್ಲಿ ನಿಜವಾಗಿ ಬೆಲೆಯುಳ್ಳದ್ದು. ಡಬ್ಬಿಯ ಮೇಲಿನ 15ಡಬ್ಲ್ಯೂ-40 ಎಂಬುದರಲ್ಲಿ ಮೊದಲ ಅಂಕ ಶೀತದಲ್ಲಿನ ವರ್ತನೆಯನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿನ ಸ್ನಿಗ್ಧತೆಯ ದರ್ಜೆಯನ್ನೂ ಸೂಚಿಸುತ್ತವೆ. ತೈಲ ಯಾವ ಜಾತಿಯದೆಂಬುದನ್ನು ಇವು ಹೇಳವು.

ಏರ್ ಫಿಲ್ಟರಿನ ಸಂದಿಯಿಂದ ಒಳನುಗ್ಗಿದ ಧೂಳು ಪಿಸ್ಟನ್ ರಿಂಗುಗಳನ್ನು ಸವೆಸುವಾಗ ಎಷ್ಟೇ ಬೆಲೆಬಾಳುವ ತೈಲವೂ ಅದನ್ನು ತಡೆಯಲಾರದು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ತೈಲವೂ ಬಹುಬೇಗ ಕಪ್ಪಾಗುವುದರಿಂದ, ಡಿಪ್‌ಸ್ಟಿಕ್ಕಿನ ಮೇಲಿನ ಬಣ್ಣವನ್ನಷ್ಟೇ ಕಂಡು ಅದು ಕೆಟ್ಟಿತೆನ್ನುವುದು ಸಲ್ಲದು.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದನ್ವಯ ತಯಾರಾಗಿ, ಮಸಿ ಸೋಸುವ ಡಿಪಿಎಫ್ ಹೊಂದಿದ ವಾಹನಗಳಿಗೆ, ಆ ಶೋಧಕವು ಕಟ್ಟಿಕೊಳ್ಳದಂತೆ ಬೂದಿಯಂಶ ಕಡಿಮೆಯಿರುವ ತೈಲವೇ ಅವಶ್ಯ. ಇಲ್ಲಿ ಕೈಪಿಡಿಯ ಮಾತೇ ಅಂತಿಮ. ಹಳೆಯ ಪಿಕಪ್ಪಿಗಾದರೋ, ಕೈಪಿಡಿ ಸೂಚಿಸಿದ ದರ್ಜೆಯ ಮಿನರಲ್ ತೈಲವನ್ನು ಫಿಲ್ಟರಿನೊಡನೆ ಕಾಲಕಾಲಕ್ಕೆ ಬದಲಿಸುವುದು, ಸಿಂಥೆಟಿಕ್ ತುಂಬಿ ಅವಧಿ ಮೀರಿ ಓಡಿಸುವುದಕ್ಕಿಂತ ಮೇಲು.