ಅಂಗೈಗೆ ಬಂದ ನಿಸ್ತಂತು



ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಹೊರಟರೆ ಕಾಪು ಸಿಗುತ್ತದೆ. ಅಲ್ಲಿ ಕಡಲಂಚಿನ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದನ್ನು ಕಟ್ಟಿದ್ದು 1901ರಲ್ಲಿ. ಅದೇ ವರ್ಷದ ಡಿಸೆಂಬರ್ 12ರಂದು ಇಟಲಿಯ ಮಾರ್ಕೋನಿ, ಇಂಗ್ಲೆಂಡಿನ ಪೋಲ್ಡು ಎಂಬಲ್ಲಿಂದ ಹೊರಟ ನಿಸ್ತಂತು ಸಂಕೇತವನ್ನು ಅಟ್ಲಾಂಟಿಕ್ ಸಾಗರದ ಇನ್ನೊಂದು ದಡದ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದ್ದಾಗಿ ಸಾರಿದನು. ನಡುವಿನ ಅಂತರ ಸುಮಾರು 3,500 ಕಿಲೋಮೀಟರು.

ಕಾಪುವಿನ ಬೆಳಕೂ ಮಾರ್ಕೋನಿಯ ಸಂಕೇತವೂ ಮೂಲತಃ ಒಂದೇ ಕುಲದವು. ಎರಡೂ ವಿದ್ಯುತ್ಕಾಂತೀಯ ಅಲೆಗಳೇ. ಒಂದು ಕಣ್ಣಿಗೆ ಕಾಣುತ್ತದೆ, ಇನ್ನೊಂದನ್ನು ಹಿಡಿಯಲು ಆಂಟೆನಾ ಬೇಕು. ಆ ಕಾಲದಲ್ಲಿ ಅಲೆಗಳನ್ನು ಹೊರಡಿಸುವ ಯಂತ್ರಕ್ಕೆ ದೊಡ್ಡ ಕಟ್ಟಡವೇ ಬೇಕಾಗಿತ್ತು. ಆಂಟೆನಾ ಎತ್ತರದ ಕಂಬಗಳ ಮೇಲಿರುತ್ತಿತ್ತು. ಯಂತ್ರ ನಡೆಸುವವನು ಕೆಳಗೆ, ಅದರಿಂದ ಬಲುದೂರ ಕುಳಿತಿರುತ್ತಿದ್ದನು. ಇಂದು ಅದೇ ಕೆಲಸ ಮಾಡುವ ಸಾಧನ ನಿಮ್ಮ ಅಂಗೈಯಲ್ಲಿ ಹಿಡಿಸುತ್ತದೆ. ಅದರ ಆಂಟೆನಾ ನಿಮ್ಮ ಕಣ್ಣಿನಿಂದ ನಾಲ್ಕು ಬೆರಳು ದೂರದಲ್ಲಿದೆ. ನಿಸ್ತಂತುವಿನ ಚರಿತ್ರೆಯೆಂದರೆ ಈ ದೂರ ಕಡಿಮೆಯಾಗುತ್ತ ಬಂದ ಚರಿತ್ರೆ. ದೂರವೇ ಮಾಡುತ್ತಿದ್ದ ಕಾವಲಿನ ಕೆಲಸವನ್ನು ಈಗ ಹಿಡಿದವರ ಎಚ್ಚರವೇ ಮಾಡಬೇಕಾಗಿದೆ.

ಮನೆಯಂಗಳದ ಪ್ರಯೋಗಗಳು

ಮಾರ್ಕೋನಿಗಿಂತ ಮೊದಲೇ, 1895ರಲ್ಲಿ, ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಜನರೆದುರು ಒಂದು ಪ್ರಯೋಗ ಮಾಡಿ ತೋರಿಸಿದರು. ಅವರು ಹೊರಡಿಸಿದ ಅಲೆಗಳು ಗೋಡೆಯನ್ನು ದಾಟಿಹೋಗಿ ಅತ್ತ ಗಂಟೆ ಬಾರಿಸಿದವು, ಸಿಡಿಮದ್ದನ್ನೂ ಹೊತ್ತಿಸಿದವು. ಈ ಸಿಡಿಮದ್ದಿನ ಮಾತನ್ನು ನೆನಪಿನಲ್ಲಿಡಿ. ಕಾರ್ಕಳದ ಪ್ರಸ್ತಾಪ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಭಾರತದಲ್ಲಿ ಹವ್ಯಾಸಿ ರೇಡಿಯೋ ಆರಂಭವಾದದ್ದು 1921ರಲ್ಲಿ, ಅಮರೇಂದ್ರಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಎಂಬಿಬ್ಬರಿಂದ. ಹಣಕ್ಕಾಗಿ ಅಲ್ಲದೆ ಕಲಿಕೆಗಾಗಿ, ಗೆಳೆತನಕ್ಕಾಗಿ ರೇಡಿಯೋ ನಡೆಸುವ ಇಂಥವರನ್ನು ಜಗತ್ತು ‘ಹ್ಯಾಮ್’ ಎಂದು ಕರೆಯುತ್ತದೆ. ನಮ್ಮ ನಾಡಿನಲ್ಲೂ ಹವ್ಯಾಸದಿಂದಲೇ ದೊಡ್ಡ ಕೆಲಸವೊಂದು ಹುಟ್ಟಿತು. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ನಿಲಯದಿಂದ. ಆರಂಭದಲ್ಲಿ ಅದರ ಪ್ರೇಷಕದ ಶಕ್ತಿ ಕೇವಲ 30 ವಾಟ್. ಇಂದಿನ ಸಾಮಾನ್ಯ ಹ್ಯಾಂಡ್‌ಸೆಟ್ಟಿನ ಶಕ್ತಿ 5 ವಾಟ್. ಎಂದರೆ, ಒಂದು ಊರಿಗೆ ಹಾಡು, ಭಾಷಣಗಳನ್ನು ಕೇಳಿಸಿದ ನಿಲಯದ ಆರನೆಯ ಒಂದು ಪಾಲು ನಿಮ್ಮ ಕೈಯಲ್ಲಿದೆ! ಆದ್ದರಿಂದ ಅದನ್ನು ಆಟಿಕೆ ಎನ್ನಲಾಗದು.

ಸರ್ಕಾರಗಳೂ ಅದನ್ನು ಆಟಿಕೆ ಎಂದು ಎಂದೂ ಎಣಿಸಲಿಲ್ಲ. 1933ರಲ್ಲಿ ಭಾರತೀಯ ನಿಸ್ತಂತು ತಂತಿ ಕಾಯ್ದೆ ಬಂದಿತು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದೊಡನೆ ಹವ್ಯಾಸಿಗಳ ಪರವಾನಗಿಗಳು ರದ್ದಾದವು. ಆದರೂ 1942ರಲ್ಲಿ ಮುಂಬಯಿಯಿಂದ ಉಷಾ ಮೆಹ್ತಾ ಮತ್ತು ಸಂಗಡಿಗರು ಗುಪ್ತವಾಗಿ ‘ಕಾಂಗ್ರೆಸ್ ರೇಡಿಯೋ’ ನಡೆಸಿದರು. ಕೆಲವೇ ತಿಂಗಳಲ್ಲಿ, ನವೆಂಬರ್ 12ರಂದು, ಪೊಲೀಸರು ಅವರನ್ನು ಬಂಧಿಸಿದರು. ಅಲೆಗಳು ಕಣ್ಣಿಗೆ ಕಾಣದಿದ್ದರೂ ಅವು ಎಲ್ಲಿಂದ ಹೊರಡುತ್ತಿವೆ ಎಂಬುದನ್ನು ಹುಡುಕಿ ಹಿಡಿಯುವ ಉಪಾಯ ಅಂದೇ ಇತ್ತು.

ಬೆನ್ನಿನಿಂದ ಅಂಗೈಗೆ

ರೇಡಿಯೋವನ್ನು ಹೊತ್ತು ನಡೆಯುವಂತೆ ಮಾಡಿದ್ದು ಆ ಯುದ್ಧವೇ. ಕೆನಡಾದ ಡೊನಾಲ್ಡ್ ಹಿಂಗ್ಸ್ 1937ರಲ್ಲಿ, ಅಮೆರಿಕದ ಆಲ್ ಗ್ರಾಸ್ 1938ರಲ್ಲಿ ಹೊತ್ತೊಯ್ಯಬಲ್ಲ ಸಾಧನಗಳನ್ನು ರಚಿಸಿದ್ದರು. ಯುದ್ಧಕಾಲದಲ್ಲಿ ಅಮೆರಿಕದ ಸೈನಿಕರು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ‘ವಾಕಿ-ಟಾಕಿ’ಯ ತೂಕ ಸುಮಾರು 16 ಕಿಲೋ. ಕೈಯಲ್ಲಿ ಹಿಡಿಯುವ ‘ಹ್ಯಾಂಡಿ-ಟಾಕಿ’ ಎರಡು ಕಿಲೋಗಿಂತ ತುಸು ಹೆಚ್ಚು ತೂಗುತ್ತಿತ್ತು. ಅದರಲ್ಲಿದ್ದದ್ದು ಗಾಜಿನ ವಾಲ್ವುಗಳು. ಮುಂದೆ ಟ್ರಾನ್ಸಿಸ್ಟರು ಬಂದಿತು, ಅದರ ಹಿಂದೆ ಚಿಪ್ ಬಂದಿತು. 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದ ಮೇಲೆ ಸಾಧನ ಇನ್ನಷ್ಟು ಹಗುರಾಯಿತು.

ಈ ಬ್ಯಾಟರಿ ಪುಟ್ಟ ಜಾಗದಲ್ಲಿ ಬಹಳ ಶಕ್ತಿಯನ್ನು ಅಡಗಿಸಿಕೊಂಡಿರುತ್ತದೆ. ಬಿಡಿ ಬ್ಯಾಟರಿಯನ್ನು ನಾಣ್ಯ, ಬೀಗದ ಕೈಗಳಿರುವ ಜೇಬಿನಲ್ಲಿ ಹಾಕಿದರೆ ಎರಡು ತುದಿಗಳು ಒಂದಕ್ಕೊಂದು ತಾಗಿದಂತಾಗಿ ಬೆಂಕಿಯೇ ಹೊತ್ತಿಕೊಳ್ಳಬಹುದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಸಾಧನದ ಜೊತೆ ಕೊಟ್ಟ ಚಾರ್ಜರನ್ನೇ ಬಳಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಲೋಹದ ತುದಿಗಳು ಬೇಗ ಕಿಲುಬು ಹಿಡಿಯುತ್ತವೆ. ಕಾಪುವಿನ ಬಂಡೆಗಳಿಂದ ಮನೆಗೆ ಬಂದೊಡನೆ ಒಣ ಬಟ್ಟೆಯಿಂದ ಒರೆಸಿಡುವುದು ಒಳ್ಳೆಯದು.

ಬಿಸಿ ಕಲಿಸಿದ ಪಾಠ

ರೇಡಿಯೋ ಅಲೆಗಳು ದೇಹವನ್ನು ಏನು ಮಾಡುತ್ತವೆ? ಇದಕ್ಕೆ ಉತ್ತರ ಸಿಕ್ಕಿದ್ದೂ ಅನುಭವದಿಂದಲೇ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲ್ಲಿಸ್ ವಿಟ್ನಿ, ಹ್ರಸ್ವತರಂಗ ಪ್ರೇಷಕಗಳ ಬಳಿ ದುಡಿಯುವವರ ಮೈ ಜ್ವರ ಬಂದಂತೆ ಬಿಸಿಯಾಗುವುದನ್ನು ಗಮನಿಸಿದರು. 1945ರ ಸುಮಾರಿಗೆ ರಡಾರ್ ಕೆಲಸದಲ್ಲಿದ್ದ ಪರ್ಸಿ ಸ್ಪೆನ್ಸರನ ಜೇಬಿನ ಮಿಠಾಯಿ ಕರಗಿತು; ಮೈಕ್ರೋವೇವ್ ಒಲೆ ಹುಟ್ಟಿದ್ದು ಹಾಗೆ. ಇದೇ ಬಿಸಿಯನ್ನು ವೈದ್ಯರು ಒಳಿತಿಗೂ ಬಳಸಿಕೊಂಡರು. ಕೀಲುನೋವಿಗೆ ಕಾವು ಕೊಡುವ ಹ್ರಸ್ವತರಂಗ ಯಂತ್ರ ಕೆಲಸ ಮಾಡುವುದು 27.12 ಮೆಗಾಹರ್ಟ್ಸ್ ರೇಡಿಯೋ ಅಲೆಗಳಿಂದ. ಫಿಸಿಯೋಥೆರಪಿ ಓದುವವರಿಗೆ ಇದು ಪರಿಚಿತ.

ಎಕ್ಸ್-ರೇಯಂತೆ ರೇಡಿಯೋ ಅಲೆಗಳು ಅಣುಗಳನ್ನು ಒಡೆಯುವುದಿಲ್ಲ. ಅವು ಬಿಸಿ ಮಾಡುತ್ತವೆ. ಹಾಗಾಗಿ ಹೆದರಿ ಓಡುವ ಅಗತ್ಯವಿಲ್ಲ, ಅಳತೆ ತಿಳಿದಿರಬೇಕು ಅಷ್ಟೇ. ನಮ್ಮ ದೇಹ ಹೆಚ್ಚಾಗಿ ಹೀರಿಕೊಳ್ಳುವುದು ಸುಮಾರು 30ರಿಂದ 300 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು. ಭಾರತದ ಹವ್ಯಾಸಿಗಳು ಹ್ಯಾಂಡ್‌ಸೆಟ್ಟಿನಲ್ಲಿ ಹೆಚ್ಚು ಬಳಸುವ 144ರಿಂದ 146 ಮೆಗಾಹರ್ಟ್ಸ್ ಪಟ್ಟಿ ಬರುವುದು ಇದರೊಳಗೇ. ಇನ್ನು ಕಣ್ಣಿನ ಮಸೂರಕ್ಕೆ ರಕ್ತನಾಳಗಳಿಲ್ಲ. ದೇಹದ ಬೇರೆ ಭಾಗಗಳ ಬಿಸಿಯನ್ನು ರಕ್ತ ಹೊತ್ತೊಯ್ಯುವಂತೆ ಇಲ್ಲಿ ಒಯ್ಯಲಾರದು.

ಹಾಗಾದರೆ ಮಾಡಬೇಕಾದದ್ದೇನು? ಸಾಧನವನ್ನು ಬಾಯಿಯಿಂದ ನಾಲ್ಕು ಬೆರಳು ದೂರ, ನೆಟ್ಟಗೆ ಹಿಡಿಯಿರಿ. ಆಂಟೆನಾದ ತುದಿ ಕಣ್ಣಿನತ್ತ ಬಾಗದಿರಲಿ. ಮಾತು ಚುಟುಕಾಗಿರಲಿ, ಕೇಳುವುದೇ ಹೆಚ್ಚಾಗಿರಲಿ. 1 ವಾಟಿನಲ್ಲಿ ಮಾತು ಮುಟ್ಟುವುದಾದರೆ 5 ವಾಟ್ ಬೇಡ. ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಡಿ ಒತ್ತಬೇಡಿ. ಆಂಟೆನಾ ಇಲ್ಲದೆ ಒತ್ತಿದರೆ ಸಾಧನವೇ ಕೆಡಬಹುದು. ಮುರಿದ ಆಂಟೆನಾದ ಬರಿಲೋಹ ಮುಟ್ಟಿದ ಬೆರಳಿಗೆ ಸುಟ್ಟ ಗಾಯವಾಗಬಹುದು. ಪರ್ಯಾಯದ ದಿನ ಉಡುಪಿಯ ರಥಬೀದಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಅಂಥ ಕಡೆ ನಿಮ್ಮ ಸೊಂಟದ ಆಂಟೆನಾದ ತುದಿ ಪಕ್ಕದ ಮಗುವಿನ ಕಣ್ಣಿನ ಎತ್ತರದಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು.

ಉಡುಪಿಯಿಂದ ಮೂಡಣಕ್ಕೆ ಗುಡ್ಡ ಹತ್ತಿದರೆ ಮಣಿಪಾಲ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದಿತು. ರೇಡಿಯೋ ಕಲಿಯುವವರೂ ರೋಗಿಗಳೂ ಒಂದೇ ಗುಡ್ಡದ ಮೇಲಿರುವ ಊರು ಇದು. ಆಸ್ಪತ್ರೆಯ ತೀವ್ರನಿಗಾ ಘಟಕದ ಯಂತ್ರಗಳು ದೇಹದ ಅತಿ ಸೂಕ್ಷ್ಮ ವಿದ್ಯುತ್ತನ್ನು ಓದುತ್ತವೆ. ಹತ್ತಿರದಲ್ಲಿ 5 ವಾಟಿನ ಅಲೆ ಹೊರಟರೆ ಆ ಓದು ತಪ್ಪಬಹುದು. ಆಸ್ಪತ್ರೆಯೊಳಗೆ ಹ್ಯಾಂಡ್‌ಸೆಟ್ಟನ್ನು ಆರಿಸಿಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಂದ ಕನಿಷ್ಠ ಒಂದು ಅಡಿ ದೂರವಿರಿ.

ಕಾರ್ಕಳದ ಬಂಡೆಯ ಮೇಲೆ

ಹ್ಯಾಂಡ್‌ಸೆಟ್ಟಿನ ಅಲೆ ಬಹುತೇಕ ನೇರವಾಗಿ ಸಾಗುತ್ತದೆ. ಭೂಮಿಯ ಬಾಗು ಅಡ್ಡ ಬಂದಲ್ಲಿ ನಿಲ್ಲುತ್ತದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿ. ರೇಡಿಯೋ ದಿಗಂತ ಎಷ್ಟು ಕಿಲೋಮೀಟರು ದೂರವಿದೆ ಎಂಬುದು ಸ್ಥೂಲವಾಗಿ ತಿಳಿಯುತ್ತದೆ. ಕಡಲ ದಂಡೆಯಲ್ಲಿ ನಿಂತು ಒಂದೂವರೆ ಮೀಟರು ಎತ್ತರದಲ್ಲಿ ಹಿಡಿದರೆ 5 ಕಿಲೋಮೀಟರು; ನೀರಿನ ಮಟ್ಟದಿಂದ 25 ಮೀಟರು ಮೇಲಿದ್ದರೆ 20 ಕಿಲೋಮೀಟರಿಗೂ ಹೆಚ್ಚು. ದೀಪಸ್ತಂಭವನ್ನು ಎತ್ತರಕ್ಕೆ ಕಟ್ಟುವುದೂ ಇದೇ ಕಾರಣಕ್ಕೆ. ಹೀಗಾಗಿ ಹ್ಯಾಮ್‌ಗಳಿಗೆ ಎತ್ತರದ ಜಾಗಗಳೆಂದರೆ ಪ್ರೀತಿ. ಎತ್ತರ ಸಿಕ್ಕರೆ ಕಡಿಮೆ ವಾಟಿನಲ್ಲೇ ಕೆಲಸ ಆಗುತ್ತದೆ.

ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪನೆಯಾದ 42 ಅಡಿಯ ಗೊಮ್ಮಟಮೂರ್ತಿ ನಿಂತಿರುವುದು ಅಂಥದೊಂದು ಬೋಳುಬಂಡೆಯ ಬೆಟ್ಟದ ಮೇಲೆ. ಆದರೆ ಎತ್ತರದ ಬಯಲು ಜಾಗ ರೇಡಿಯೋಗೆ ಒಳ್ಳೆಯದಾದಂತೆ ಸಿಡಿಲಿಗೂ ಒಳ್ಳೆಯ ಗುರಿ. 1753ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗೇಯಾರ್ಗ್ ರಿಚ್‌ಮನ್ ಎಂಬ ವಿಜ್ಞಾನಿ ಮನೆಯ ಮೇಲಿನ ಲೋಹದ ಸರಳಿನಿಂದ ಮಿಂಚಿನ ವಿದ್ಯುತ್ತನ್ನು ಅಳೆಯಲು ಹೋಗಿ ಸಿಡಿಲಿಗೆ ಬಲಿಯಾದನು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಏಪ್ರಿಲ್-ಮೇ ತಿಂಗಳಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಟೋಬರಿನಲ್ಲಿ ಗುಡುಗು ಜೋರು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. 3 ಸೆಕೆಂಡಿಗೆ ಒಂದು ಕಿಲೋಮೀಟರು. ಎಣಿಕೆ 30ರೊಳಗಿದ್ದರೆ ಬಂಡೆಯಿಂದ ಇಳಿದು ಕಟ್ಟಡದೊಳಗೆ ಸೇರಿ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಗೆ ಬರಬೇಡಿ. ಮಾರ್ಕೋನಿ 1901ರಲ್ಲಿ ಆಂಟೆನಾದ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದ್ದನು ನಿಜ. ಅವನ ತಲೆಯ ಮೇಲೆ ವಿದ್ಯುತ್ ಲೈನುಗಳು ಇರಲಿಲ್ಲ. ನೀವು ಆ ಸಾಹಸಕ್ಕೆ ಹೋಗಬೇಡಿ.

ಇನ್ನು ಆ ಸಿಡಿಮದ್ದಿನ ಮಾತು. ಕಾರ್ಕಳದ ಸುತ್ತ ಕಲ್ಲುಕೋರೆಗಳಿವೆ. ಕಲ್ಲು ಸಿಡಿಸಲು ಜಗತ್ತಿನ ಎಲ್ಲೆಡೆ ಬಹುಕಾಲ ಬಳಸುತ್ತ ಬಂದ ವಿದ್ಯುತ್ ಡಿಟೊನೇಟರುಗಳ ಉದ್ದನೆಯ ತಂತಿ ತಾನೇ ಆಂಟೆನಾ ಆಗಬಲ್ಲದು. ಹತ್ತಿರದ ಪ್ರೇಷಕದ ಅಲೆ ಅದರಲ್ಲಿ ವಿದ್ಯುತ್ತನ್ನು ಹರಿಸಿದರೆ ಸಿಡಿಮದ್ದು ಅಕಾಲದಲ್ಲಿ ಸಿಡಿದೀತು. 1895ರಲ್ಲಿ ಬೋಸರು ಬೇಕೆಂದೇ ಮಾಡಿ ತೋರಿಸಿದ್ದು ಇಲ್ಲಿ ಬೇಡವಾಗಿಯೂ ಆಗಬಹುದು. ಕಲ್ಲು ಒಡೆಯುವ ಕಡೆ ಎಚ್ಚರಿಕೆಯ ಫಲಕವೋ ಕೆಂಪು ಬಾವುಟವೋ ಕಂಡರೆ ಸಾಧನವನ್ನು ಆರಿಸಿ ದೂರ ಹೋಗಿ. ಪೆಟ್ರೋಲ್ ಬಂಕಿನಲ್ಲೂ ಆರಿಸಿಯೇ ಇರಲಿ.

ಕಡಲಿನಿಂದ ಬರುವ ದನಿ

ಮತ್ತೆ ಕಾಪುವಿನ ದೀಪಸ್ತಂಭದ ಬುಡಕ್ಕೆ ಬರೋಣ. ಕಡಲಿನಲ್ಲಿರುವ ದೋಣಿ, ಹಡಗುಗಳಿಗೂ ನಿಸ್ತಂತು ಇದೆ. ಅಪಾಯದ ಕರೆಗೆಂದು ಜಗತ್ತಿನ ಎಲ್ಲ ಹಡಗುಗಳೂ ಕಾದಿಟ್ಟಿರುವ ಆವರ್ತನ 156.8 ಮೆಗಾಹರ್ಟ್ಸ್, ಎಂದರೆ 16ನೆಯ ಚಾನೆಲ್. ಇಂದು ದೊರೆಯುವ ಅಗ್ಗದ ಹ್ಯಾಂಡ್‌ಸೆಟ್ಟುಗಳಲ್ಲಿ ಹಲವು 136ರಿಂದ 174 ಮೆಗಾಹರ್ಟ್ಸ್‌ವರೆಗೂ ಅಲೆ ಹೊರಡಿಸಬಲ್ಲವು. ಹವ್ಯಾಸಿಯ ಪಾಲು ಅದರಲ್ಲಿ ಎರಡೇ ಮೆಗಾಹರ್ಟ್ಸ್, ಉಳಿದದ್ದು ಬೇರೆಯವರದು.

ಎಫ್.ಎಂ. ವಿಧಾನಕ್ಕೆ ಒಂದು ಗುಣವಿದೆ. ಒಂದೇ ಆವರ್ತನದಲ್ಲಿ ಎರಡು ದನಿ ಬಂದರೆ ಬಲವಾದದ್ದು ಮಾತ್ರ ಕೇಳಿಸುತ್ತದೆ, ಕ್ಷೀಣವಾದದ್ದು ಪೂರ್ತಿ ಅಡಗಿಹೋಗುತ್ತದೆ. ದಡದಲ್ಲಿ ನಿಂತು ನೀವು ತಮಾಷೆಗೆ ಆಡಿದ ಮಾತು, ದೂರದ ದೋಣಿಯಿಂದ ಬಂದ ಕೂಗನ್ನು ಹೀಗೆ ಮುಚ್ಚಿಹಾಕಬಲ್ಲದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರತಳದಲ್ಲಿ ಅದರ ಅವಶೇಷ ಸಿಕ್ಕಿತು. ಆ ತಿಂಗಳುಗಳುದ್ದಕ್ಕೂ ಒಂದು ದನಿಗಾಗಿ ಕಾದ ಮನೆಗಳು ಈ ಕರಾವಳಿಯಲ್ಲಿವೆ. ಆವರ್ತನವನ್ನು ಖಾಲಿ ಬಿಡುವುದೂ ಒಂದು ಸೇವೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬೇರೆ ಯಾರು ಬಲ್ಲರು?

ಪರವಾನಗಿಯ ನಿಯಮ ಇರುವುದು ಇದಕ್ಕಾಗಿ. 12 ವರ್ಷ ತುಂಬಿದ ಯಾರೇ ಆದರೂ ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ‘ವಿಯು’ ಎಂದು ಆರಂಭವಾಗುವ ಕರೆಸಂಕೇತ ಆಗ ನಿಮ್ಮದಾಗುತ್ತದೆ. ಅದಿಲ್ಲದೆ ಕೇಳಿ ಕಲಿಯಿರಿ, ಗುಂಡಿ ಒತ್ತಬೇಡಿ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿ-ಟಾಕಿಗಳಿಗೆ 2018ರ ನಿಯಮಗಳು ಪರವಾನಗಿಯ ವಿನಾಯಿತಿ ಕೊಟ್ಟಿವೆ. ಅವು ಬೇರೆ, ಹವ್ಯಾಸಿ ಸಾಧನ ಬೇರೆ. ಈ ವ್ಯತ್ಯಾಸವನ್ನು ಮರೆಮಾಚಿ ಅಂತರ್ಜಾಲದಲ್ಲಿ ಮಾರಾಟ ನಡೆಯುತ್ತಿದ್ದುದರಿಂದ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು.

ಇಷ್ಟೆಲ್ಲ ಕಟ್ಟುಪಾಡು ಏಕೆ ಎಂದು ಕೇಳುವಿರಾ? 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗ ದೂರವಾಣಿಗಳು ಮೂಕವಾದವು. ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮತ್ತು ಅವರ ತಂಡದವರು ತಮ್ಮ ರೇಡಿಯೋಗಳಿಂದ ದ್ವೀಪಗಳ ಸುದ್ದಿಯನ್ನು ಮುಖ್ಯ ಭೂಮಿಗೆ ಮುಟ್ಟಿಸಿದರು. ಅವರ ಸಾಧನ ಸುಸ್ಥಿತಿಯಲ್ಲಿತ್ತು, ಕೈ ಪಳಗಿತ್ತು, ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಗೊತ್ತಿತ್ತು.

ಮುಂದಿನ ಸಲ ಕಾಪುವಿಗೆ ಹೋದಾಗ ದೀಪಸ್ತಂಭದ ದೀಪ ಎಷ್ಟು ಎತ್ತರದಲ್ಲಿದೆ ಎಂದು ಕೇಳಿ ತಿಳಿದು, ಅದರ ರೇಡಿಯೋ ದಿಗಂತ ಎಷ್ಟೆಂದು ನೀವೇ ಲೆಕ್ಕ ಹಾಕಿ ನೋಡಿ. ಹತ್ತಿರ ಯಾರಾದರೂ ಪರವಾನಗಿ ಪಡೆದ ಹ್ಯಾಮ್ ಇದ್ದರೆ ಅವರ ಪಕ್ಕ ಕುಳಿತು ಒಂದು ಸಂಜೆ ಸುಮ್ಮನೆ ಕೇಳಿ. ಗುಂಡಿ ಒತ್ತುವ ದಿನ ಬಂದಾಗ, ಆ ಸಂಜೆ ಕೇಳಿದ್ದು ನಿಮ್ಮ ಕೈಗೆ ಬುದ್ಧಿ ಹೇಳುತ್ತದೆ.